ಘಾತಾಂಕ, ಲಘುಗಣಕ ಮತ್ತು ನಾವು

ನಮ್ಮ ಕಾಲೇಜಿನಲ್ಲಿ ಒಂದು ನಂಬಿಕೆ ಬಹುದಿನಗಳಿಂದ ಬೇರೂರಿದೆ. ಗಣಿತವೆಂಬುದು ವಿಜ್ಞಾನದವರ ಸ್ವತ್ತು. ಕಲಾವಿಭಾಗಕ್ಕೆ ಬಂದವನು ಹತ್ತನೆಯ ತರಗತಿಯ ಬಾಗಿಲಲ್ಲಿಯೇ ಅದಕ್ಕೆ ಕಡೆಯ ನಮಸ್ಕಾರ ಹೇಳಿ ಬಂದವನು ಎಂಬುದೇ ಆ ನಂಬಿಕೆ. “ನನಗೆ ಲೆಕ್ಕ ಬರುವುದಿಲ್ಲ” ಎಂಬ ಮಾತನ್ನು ನಮ್ಮಲ್ಲಿ ಅನೇಕರು ಸಂಕೋಚದಿಂದಲ್ಲ, ಒಂದು ಬಗೆಯ ಹೆಮ್ಮೆಯಿಂದಲೇ ಆಡುತ್ತಾರೆ. “ನನಗೆ ಓದಲು ಬರುವುದಿಲ್ಲ” ಎಂದು ಅದೇ ಹೆಮ್ಮೆಯಿಂದ ಹೇಳುವವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಈ ನಂಬಿಕೆಯನ್ನು ಸ್ವಲ್ಪ ಅಲುಗಾಡಿಸಿ ನೋಡಬೇಕೆಂಬುದು ನನ್ನ ಆಸೆ. ಗಣಿತಶಾಸ್ತ್ರದ ಸಮಸ್ತ ಭಾಗಗಳ ಪರವಾಗಿ ವಕಾಲತ್ತು ವಹಿಸುವಷ್ಟು ಬಲ್ಲವನು ನಾನಲ್ಲ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ. ಆದುದರಿಂದ ಒಂದೇ ಒಂದು ಭಾಗವನ್ನು, ಬೀಜಗಣಿತದ ಘಾತಾಂಕ ಮತ್ತು ಲಘುಗಣಕಗಳ ನಿಯಮಗಳನ್ನು ಮಾತ್ರ, ಹಿಡಿದು ಮಾತನಾಡುತ್ತೇನೆ. ಲಘುಗಣಕವೆಂದರೆ ಬೇರೇನೂ ಅಲ್ಲ, ವಿಜ್ಞಾನದ ಗೆಳೆಯರು ‘ಲಾಗ್’ ಎಂದು ಕರೆಯುವ ಅದೇ ಲಾಗರಿದಮ್.

ಮೊದಲು ಹೆಸರಿನ ತೊಡಕು. ಏಳನೆಯ ತರಗತಿಯಲ್ಲಿ ನಮಗೆ ‘ಘಾತ’ವೆಂಬ ಪದವು ಪರಿಚಯವಾಯಿತು. ಘಾತವೆಂಬ ಹೆಸರನ್ನು ಕೇಳಿಯೇ ಅರ್ಧ ತರಗತಿಗೆ ಆಘಾತವಾಯಿತು. ಮುಂದೆ ಇಂಗ್ಲಿಷಿನಲ್ಲಿ ಓದಿದವರಿಗೆ ಅದೇ ವಸ್ತು ಒಮ್ಮೆ ‘ಪವರ್’ ಆಗಿ, ಒಮ್ಮೆ ‘ಇಂಡೆಕ್ಸ್’ ಆಗಿ, ಮತ್ತೊಮ್ಮೆ ‘ಎಕ್ಸ್‌ಪೊನೆಂಟ್’ ಆಗಿ ಬಂತು. ಮೂರು ವೇಷ ಹಾಕಿದವನು ಒಬ್ಬನೇ ಎಂದು ತಿಳಿಯುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಇನ್ನು ಲಘುಗಣಕವೋ, ಹೆಸರಿನಲ್ಲಿ ಲಘು, ತರಗತಿಯಲ್ಲಿ ಗುರು! ಪಿ.ಯು.ಸಿ. ವಿಜ್ಞಾನಕ್ಕೆ ಸೇರಿ ಒಂದೇ ವರ್ಷದಲ್ಲಿ ಬಿಟ್ಟು ಕಲಾವಿಭಾಗಕ್ಕೆ ಬಂದ ಗೆಳೆಯರು ಕೆ.ಆರ್. ಪೇಟೆ, ನಾಗಮಂಗಲಗಳ ಕಡೆಯಿಂದ ಬರುವವರಲ್ಲಿ ಕೆಲವರಿದ್ದಾರೆ. ಅವರಲ್ಲೊಬ್ಬನು ಈಗಲೂ ಹೇಳುವುದುಂಟು: “ಕ್ಲಾರ್ಕ್ಸ್ ಟೇಬಲ್ ಪುಸ್ತಕದಲ್ಲಿ ಸಾಲು ಹುಡುಕುವುದನ್ನು ಕಲಿಸಿದರು, ಯಾಕೆ ಹುಡುಕಬೇಕೆಂದು ಯಾರೂ ಹೇಳಲಿಲ್ಲ.” ಕನ್ನಡ ಮಾಧ್ಯಮದಲ್ಲಿ ಮೊದಲ ಸಾಲಿನಲ್ಲಿದ್ದ ಹುಡುಗ ಅವನು. ಅವನು ವಿಜ್ಞಾನ ಬಿಟ್ಟದ್ದು ಬುದ್ಧಿ ಸಾಲದೆ ಎಂದು ಊರು ತೀರ್ಮಾನಿಸಿತು. ನನ್ನ ತೀರ್ಮಾನವೇ ಬೇರೆ.

ನಿಯಮಗಳನ್ನು ನಮಗೆ ಮಂತ್ರದಂತೆ ಬಾಯಿಪಾಠ ಮಾಡಿಸುತ್ತಾರೆ. ಆಧಾರ ಒಂದೇ ಆದಾಗ ಗುಣಾಕಾರದಲ್ಲಿ ಘಾತಾಂಕಗಳನ್ನು ಕೂಡು, ಭಾಗಾಕಾರದಲ್ಲಿ ಕಳೆ, ಘಾತದ ಘಾತವಾದರೆ ಗುಣಿಸು, ಸೊನ್ನೆಯ ಘಾತವಾದರೆ ಒಂದು ಎಂದು ಬರೆ, ಋಣ ಘಾತಾಂಕವಾದರೆ ಕೆಳಗೆ ಹಾಕು. ಈ ಮಂತ್ರಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಕಾರಣವನ್ನು ಬಿಟ್ಟು ನಿಯಮವನ್ನು ಮಾತ್ರ ಹಿಡಿದವನಿಗೆ ನಿಯಮವು ಎರಡು ತಿಂಗಳಲ್ಲಿ ಕಲಸಿಹೋಗುತ್ತದೆ. 2ರ 3ನೇ ಘಾತವನ್ನು 2ರ 4ನೇ ಘಾತದಿಂದ ಗುಣಿಸೆಂದರೆ, ಆಧಾರಗಳನ್ನೂ ಗುಣಿಸಿ 4ರ 7ನೇ ಘಾತ ಎಂದು ಬರೆಯುವವರು ಎಷ್ಟು ಮಂದಿ! ಒಂದು ಗಳಿಗೆ ನಿಂತು ನೋಡಿದರೆ ಸಾಕು: 8ನ್ನು 16ರಿಂದ ಗುಣಿಸಿದರೆ 128, ಅದು 2ರ 7ನೇ ಘಾತ. 4ರ 7ನೇ ಘಾತವೋ 16,384. ಮಂತ್ರ ಮರೆತವನಿಗೆ ಈ ನೂರರ ಮತ್ತು ಹದಿನಾರು ಸಾವಿರದ ಅಂತರವು ಕಾಣುವುದಿಲ್ಲ. ಅರ್ಥ ತಿಳಿದವನಿಗೆ ಕಾಣದಿರುವುದಿಲ್ಲ.

ಅರ್ಥವೇನು? ನನಗೆ ತೋರುವಂತೆ ಅದು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ನಮ್ಮ ಅಜ್ಜಿಯಂದಿರು ಅಕ್ಕಿ ಅಳೆಯುತ್ತಿದ್ದ ಅಳತೆಗಳನ್ನು ಜ್ಞಾಪಿಸಿಕೊಳ್ಳಿ: ಸೇರು, ಅಚ್ಚೇರು, ಪಾವು, ಅರೆಪಾವು. ಸೇರನ್ನು ಒಂದು ಸಲ ಅರ್ಧ ಮಾಡಿದರೆ ಅಚ್ಚೇರು, ಎರಡು ಸಲ ಮಾಡಿದರೆ ಪಾವು, ಮೂರು ಸಲ ಮಾಡಿದರೆ ಅರೆಪಾವು. ಇತ್ತ ಕಡೆ ಎರಡರಷ್ಟು ಮಾಡುತ್ತ ಹೋದರೆ ಎರಡು ಸೇರು, ನಾಲ್ಕು ಸೇರು, ಎಂಟು ಸೇರು. ಘಾತಾಂಕವೆಂದರೆ ಈ ಹೆಜ್ಜೆಗಳ ಎಣಿಕೆ, ಅಷ್ಟೆ. ಮುಂದಕ್ಕೆ ಮೂರು ಹೆಜ್ಜೆ ಇಟ್ಟರೆ 3, ಹಿಂದಕ್ಕೆ ಮೂರು ಹೆಜ್ಜೆ ಇಟ್ಟರೆ ಋಣ 3. ಇನ್ನು ಸೊನ್ನೆಯ ಘಾತವು ಒಂದು ಹೇಗಾಯಿತು, ಸೊನ್ನೆ ಏಕಾಗಲಿಲ್ಲ ಎಂಬ ಪ್ರಶ್ನೆ ಎಳೆಯ ವಯಸ್ಸಿನಿಂದ ನಮ್ಮನ್ನು ಕಾಡಿದೆಯಷ್ಟೆ. ಒಂದು ಹೆಜ್ಜೆಯನ್ನೂ ಇಡದಿದ್ದರೆ, ಅಂದರೆ ಅರ್ಧವನ್ನೂ ಮಾಡದೆ ಎರಡರಷ್ಟನ್ನೂ ಮಾಡದೆ ಬಿಟ್ಟರೆ, ಸೇರು ಸೇರಾಗಿಯೇ ಉಳಿಯುತ್ತದೆ, ಅಕ್ಕಿ ಮಾಯವಾಗುವುದಿಲ್ಲ. ಆ ಒಂದು ಸೇರೇ ಸೊನ್ನೆಯ ಘಾತ. ಮೂರು ಹೆಜ್ಜೆ ನಡೆದು ಮತ್ತೆ ನಾಲ್ಕು ಹೆಜ್ಜೆ ನಡೆದವನು ಏಳು ಹೆಜ್ಜೆ ನಡೆದಿದ್ದಾನೆ. ಕೂಡುವ ನಿಯಮ ಇದೇ. ಮೂರು ಮೂರು ಹೆಜ್ಜೆಗಳ ಹಾಗೆ ನಾಲ್ಕು ಸಾರಿ ನಡೆದರೆ ಹನ್ನೆರಡು. ಗುಣಿಸುವ ನಿಯಮ ಇದೇ. ಅರೆ ಮಗ್ಗಿ, ಕಾಲು ಮಗ್ಗಿಗಳನ್ನು ಹಾಡಿನಂತೆ ಹೇಳುತ್ತಿದ್ದ ಹಿರಿಯರಿಗೆ ಹಿಂದಕ್ಕಿಡುವ ಹೆಜ್ಜೆಯ ಭಯವಿರಲಿಲ್ಲ. ಒಂದರ ಹದಿನಾರನೆಯ ಒಂದು ಪಾಲಿಗೆ ‘ವೀಸ’ವೆಂದು ಪ್ರತ್ಯೇಕ ಹೆಸರನ್ನೇ ಇಟ್ಟುಕೊಂಡಿದ್ದ ಭಾಷೆ ನಮ್ಮದು.

ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡ ಮಿತ್ರರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಅಕ್ಷರಗಣಗಳು ಎಂಟೇ ಏಕೆ? ಯಗಣ, ಮಗಣವೆಂದು ಎಂಟನ್ನು ಹೇಳಿ ನಾವು ನಿಲ್ಲಿಸುತ್ತೇವೆ. ಒಂಬತ್ತನೆಯದನ್ನು ಕವಿಗಳು ಮರೆತರೆ? ಮರೆತಿಲ್ಲ. ಗಣಕ್ಕೆ ಮೂರು ಅಕ್ಷರ. ಪ್ರತಿಯೊಂದು ಅಕ್ಷರವೂ ಲಘುವಾಗಬಹುದು ಇಲ್ಲವೆ ಗುರುವಾಗಬಹುದು. ಎರಡೆರಡರ ಆಯ್ಕೆ ಮೂರು ಸಲ. ಎಂದರೆ 2ರ 3ನೇ ಘಾತ, ಎಂಟು. ಒಂಬತ್ತನೆಯದಕ್ಕೆ ಸ್ಥಳವೇ ಇಲ್ಲ. ಇದನ್ನೇ ಮುಂದುವರಿಸಿ. ಹತ್ತು ಅಕ್ಷರದ ಸಾಲಿಗೆ 2ರ 10ನೇ ಘಾತ, 1,024 ಪ್ರಸ್ತಾರಗಳು. ಉತ್ಪಲಮಾಲೆಯ ಸಾಲಿಗೆ ಇಪ್ಪತ್ತು ಅಕ್ಷರ. ಹತ್ತು ಮತ್ತು ಹತ್ತು ಕೂಡಿ ಇಪ್ಪತ್ತಾದುದರಿಂದ 1,024ನ್ನು 1,024ರಿಂದಲೇ ಗುಣಿಸಿದರಾಯಿತು: 10,48,576. ಹತ್ತು ಲಕ್ಷಕ್ಕೂ ಮೇಲ್ಪಟ್ಟ ಲಘುಗುರು ವಿನ್ಯಾಸಗಳಲ್ಲಿ ನಮ್ಮ ಪೂರ್ವಕವಿಗಳು ಒಂದನ್ನು ಆರಿಸಿ ಉತ್ಪಲಮಾಲೆಯೆಂದೂ, ಮತ್ತೊಂದನ್ನು ಆರಿಸಿ ಮತ್ತೇಭವಿಕ್ರೀಡಿತವೆಂದೂ ಕರೆದರು. ಚಂಪಕಮಾಲೆಗೆ ಒಂದಕ್ಷರ ಹೆಚ್ಚು. ವಿನ್ಯಾಸಗಳು ಒಡನೆಯೇ ಎರಡರಷ್ಟು. ಪಿಂಗಲನ ಛಂದಸ್ಸೂತ್ರವು ಈ ಲೆಕ್ಕಕ್ಕೆ ಒಂದು ಸುಲಭೋಪಾಯವನ್ನೂ ಹೇಳುತ್ತದೆ: ಅಕ್ಷರಸಂಖ್ಯೆ ಸಮವಾಗಿದ್ದರೆ ಅರ್ಧಮಾಡಿ ವರ್ಗಮಾಡು, ಬೆಸವಾಗಿದ್ದರೆ ಒಂದು ಕಳೆದು ಎರಡರಿಂದ ಗುಣಿಸು. ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇದೇ ಉಪಾಯವನ್ನು ಗುಣೋತ್ತರ ಶ್ರೇಢಿಗೆ ಬಳಸಿದ್ದಾನೆ. ಆದ್ದರಿಂದ ಕಲಾವಿಭಾಗದವರು ಘಾತಾಂಕದಿಂದ ದೂರವಿದ್ದಾರೆಂಬುದೇ ಸುಳ್ಳು. ಅದರ ಮಧ್ಯದಲ್ಲಿ ಕುಳಿತು ಅದರ ಹೆಸರನ್ನು ಮಾತ್ರ ಕೇಳಲೊಲ್ಲೆವು.

ಈಗ ಲಘುಗಣಕಕ್ಕೆ ಬರೋಣ. ಘಾತಾಂಕದ ಪ್ರಶ್ನೆ “ಇಷ್ಟು ಹೆಜ್ಜೆ ನಡೆದರೆ ಎಲ್ಲಿಗೆ ತಲುಪುತ್ತೇನೆ?” ಎಂಬುದು. ಅದನ್ನೇ ತಿರುಗಿಸಿ “ಇಲ್ಲಿಗೆ ತಲುಪಬೇಕಾದರೆ ಎಷ್ಟು ಹೆಜ್ಜೆ?” ಎಂದು ಕೇಳಿದರೆ ಲಘುಗಣಕ. ಇದಕ್ಕಿಂತ ಹೆಚ್ಚಿನ ರಹಸ್ಯ ಅದರಲ್ಲಿಲ್ಲ.

ಈ ಮಾತನ್ನು ನಮ್ಮ ನೆರೆಯಲ್ಲಿಯೇ ಸಾವಿರ ವರ್ಷಗಳ ಹಿಂದೆ ಒಬ್ಬರು ಹೇಳಿದ್ದರೆಂದು ತಿಳಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಕೆ.ಆರ್. ಪೇಟೆಯಿಂದ ಕಿಕ್ಕೇರಿಯ ಮೇಲೆ ಹೋದರೂ, ನಾಗಮಂಗಲದಿಂದ ಕಂಬದಹಳ್ಳಿಯ ಕಡೆಗೆ ಹೋದರೂ ಶ್ರವಣಬೆಳಗೊಳ ದೂರವಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಅವರ ಪ್ರಾಕೃತ ಗ್ರಂಥ ‘ತ್ರಿಲೋಕಸಾರ’ದಲ್ಲಿ ‘ಅರ್ಧಚ್ಛೇದ’ವೆಂಬ ಪರಿಭಾಷೆ ಬರುತ್ತದೆ. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧ ಮಾಡಬಹುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. 8ರ ಅರ್ಧಚ್ಛೇದ 3, 16ರದು 4, ನಮ್ಮ ಸೇರು ಪಾವಿನ ಲೆಕ್ಕವೇ. ಗುಣ್ಯ ಮತ್ತು ಗುಣಕಗಳ ಅರ್ಧಚ್ಛೇದಗಳನ್ನು ಕೂಡಿದರೆ ಗುಣಲಬ್ಧದ ಅರ್ಧಚ್ಛೇದ ಬರುತ್ತದೆಂಬ ನಿಯಮ ಅಲ್ಲಿದೆ. ಭಾಗಾಕಾರಕ್ಕೆ ಕಳೆಯುವ ನಿಯಮವೂ ಇದೆ. ಅವರಿಗೂ ಮುಂಚೆ, ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರ ‘ಧವಳಾ’ ಟೀಕೆಯಲ್ಲಿ ಮೂರರಿಂದ ಭಾಗಿಸುವ ತ್ರಿಕಚ್ಛೇದವನ್ನೂ, ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದವನ್ನೂ ಕಾಣಬಹುದು. ಆ ‘ಧವಳಾ’ ಗ್ರಂಥವು ಶತಮಾನಗಳ ಕಾಲ ಉಳಿದುಬಂದದ್ದು ಮೂಡಬಿದಿರೆಯ ಬಸದಿಯಲ್ಲಿ, ಕನ್ನಡ ಲಿಪಿಯ ತಾಳೆಗರಿಗಳ ಮೇಲೆ. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಅಚ್ಚಾಗತೊಡಗಿದ ಮೇಲೆಯೇ ಗಣಿತದ ಚರಿತ್ರಕಾರರು ಅದರ ಕಡೆ ಕಣ್ಣು ಹಾಯಿಸಿದರು.

ಇದನ್ನು ಬರೆದದ್ದು “ಎಲ್ಲವೂ ನಮ್ಮಲ್ಲೇ ಇತ್ತು” ಎಂದು ಎದೆ ತಟ್ಟಿಕೊಳ್ಳುವುದಕ್ಕಲ್ಲ. ಇತಿಹಾಸದ ವಿದ್ಯಾರ್ಥಿಯಾಗಿ ಆ ಬಗೆಯ ಮಾತು ನನಗೆ ಹಿಡಿಸುವುದಿಲ್ಲ. ಜೈನಾಚಾರ್ಯರು ಅರ್ಧಚ್ಛೇದವನ್ನು ಬಳಸಿದ್ದು ಲೋಕದ ಪ್ರಮಾಣವನ್ನೂ ಎಣಿಕೆಗೆ ನಿಲುಕದ ರಾಶಿಗಳನ್ನೂ ಹೇಳುವುದಕ್ಕೆ. ದಿನನಿತ್ಯದ ದೊಡ್ಡ ಗುಣಾಕಾರಗಳನ್ನು ಹಗುರ ಮಾಡುವ ಕೋಷ್ಟಕವನ್ನು ಕಟ್ಟಿದ ಕೀರ್ತಿ 1614ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಸ್ಕಾಟ್ಲೆಂಡಿನ ಜಾನ್ ನೇಪಿಯರನಿಗೂ, 10ನ್ನು ಆಧಾರವಾಗಿಟ್ಟುಕೊಂಡು 1624ರಲ್ಲಿ ದೊಡ್ಡ ಕೋಷ್ಟಕವನ್ನು ಹೊರತಂದ ಹೆನ್ರಿ ಬ್ರಿಗ್ಸನಿಗೂ ಸಲ್ಲಬೇಕು. ಆ ಕೋಷ್ಟಕಗಳ ವಿದ್ಯೆ ನಮ್ಮ ನಾಡಿನ ನೆಲವನ್ನಳೆಯಲು ಬಂದದ್ದಾದರೂ ಹೇಗೆ? ಶ್ರೀರಂಗಪಟ್ಟಣದ ಯುದ್ಧದ ಬೆನ್ನಿಗೆ. 1799ರ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನಿಕಾಧಿಕಾರಿ, ಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು. ಮುಂದೆ ಇಡೀ ಹಿಂದೂಸ್ಥಾನದ ಮೋಜಣಿಯಾಗಿ ಬೆಳೆದ ಕೆಲಸದ ಮೂಲ ಅದು. ತ್ರಿಕೋನದ ಒಂದು ಬಾಹುವಿನಿಂದ ಮತ್ತೊಂದನ್ನು ಲೆಕ್ಕಹಾಕುವಾಗ ಬರುವ ಉದ್ದುದ್ದ ಗುಣಾಕಾರಗಳನ್ನು ಆ ಕಾಲದ ಭೂಮಾಪಕರು ಲಾಗ್ ಕೋಷ್ಟಕದಿಂದ ಸಂಕಲನಕ್ಕಿಳಿಸುತ್ತಿದ್ದರು. ಟಿಪ್ಪುವಿನ ಪತನವನ್ನು ನಾವು ಪಾಠದಲ್ಲಿ ಓದುತ್ತೇವೆ. ಅದರ ಹಿಂದೆಯೇ ಬಂದ ಈ ಲೆಕ್ಕವನ್ನು ಓದುವುದಿಲ್ಲ.

ಅರ್ಧಚ್ಛೇದವನ್ನು ತಿಳಿದವನು ಲಾಗ್ ನಿಯಮಗಳಲ್ಲಿ ಎಡವುವುದಿಲ್ಲವೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಎರಡು ಸಂಖ್ಯೆಗಳ ಮೊತ್ತದ ಲಾಗ್ ಅವುಗಳ ಲಾಗ್‌ಗಳ ಮೊತ್ತವೆಂದು ಬರೆಯುವುದು ಬಹು ಸಾಮಾನ್ಯವಾದ ತಪ್ಪು. 8ನ್ನು ಅರ್ಧ ಮಾಡಲು ಮೂರು ಸಲ ಬೇಕು. 8ಕ್ಕೆ 8 ಕೂಡಿದರೆ 16. ಅದಕ್ಕೆ ನಾಲ್ಕೇ ಸಲ ಸಾಕು, ಆರಲ್ಲ. 8ನ್ನು 8ರಿಂದ ಗುಣಿಸಿದರೆ 64. ಅದಕ್ಕೆ ಆರು ಸಲ. ರಾಶಿಯನ್ನು ಕೂಡಿದರೆ ಹೆಜ್ಜೆ ಕೂಡುವುದಿಲ್ಲ, ಗುಣಿಸಿದರೆ ಕೂಡುತ್ತದೆ. ಇಷ್ಟನ್ನು ಬೆರಳೆಣಿಸಿ ನೋಡಿದವನಿಗೆ ಸೂತ್ರದ ಹಂಗಿಲ್ಲ. ಮತ್ತೊಂದು. 10ನ್ನು ಆಧಾರವಾಗಿಟ್ಟರೆ 2ರ ಲಾಗ್ 0.3010 ಎಂದು ಕೋಷ್ಟಕ ಹೇಳುತ್ತದೆ. ಈ 0.3 ಎಲ್ಲಿಂದ ಬಂತು? ಮೇಲೆ ಛಂದಸ್ಸಿನ ಲೆಕ್ಕದಲ್ಲಿ ಬಂದ 1,024ನ್ನು ನೋಡಿ. ಎರಡರ ಹತ್ತು ಹೆಜ್ಜೆಗಳು 1,024ಕ್ಕೆ ತಲುಪಿಸುತ್ತವೆ. ಹತ್ತರ ಮೂರು ಹೆಜ್ಜೆಗಳು 1,000ಕ್ಕೆ. ಎರಡರ ಹತ್ತು ಹೆಜ್ಜೆ ಹತ್ತರ ಮೂರು ಹೆಜ್ಜೆಗಿಂತ ಕೂದಲೆಳೆಯಷ್ಟು ಹೆಚ್ಚು. ಆದುದರಿಂದ ಎರಡರ ಒಂದು ಹೆಜ್ಜೆ ಹತ್ತರ ಹೆಜ್ಜೆಯ ಹತ್ತರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚು. ಕೋಷ್ಟಕವನ್ನು ಮುಟ್ಟದೆಯೇ 0.3 ಕೈಗೆ ಬಂತು!

ಇಷ್ಟೆಲ್ಲ ಇರಲಿ, ಇದರಿಂದ ನಮಗೇನು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಈ ತರಗತಿಯಲ್ಲಿ ನನ್ನಂಥವರೇ ಹೆಚ್ಚು. ಮನೆಯವರು ನಮ್ಮನ್ನು ಓದಿಸುವಾಗ ಕಲೆ, ವಿಜ್ಞಾನ ಎಂಬ ಭೇದವನ್ನು ಎಣಿಸಿದವರಲ್ಲ. ಹುಡುಗ ಓದಿದ್ದಾನೆ, ಕಾಗದ ಪತ್ರ ಬಂದರೆ ಬಿಡಿಸಿ ಹೇಳುತ್ತಾನೆ ಎಂಬುದೇ ಅವರ ಎಣಿಕೆ. 2023ರ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಮಳೆ ಕೈಕೊಟ್ಟು, ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್ಸ್‌ನಂತೆ 15 ದಿನ ನೀರು ಬಿಡಬೇಕೆಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ಸೂಚಿಸಿದ್ದು ತಮಗೆಲ್ಲ ನೆನಪಿರಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯಗಳಲ್ಲಿ ರಸ್ತೆಯ ಮೇಲೆ ಜನ ಕುಳಿತಿದ್ದ ದಿನಗಳು. ನಾನು ಬಿ.ಎ.ಗೆ ಸೇರಿದ್ದ ಹೊಸತು. ನಮ್ಮ ದೊಡ್ಡಪ್ಪ ಜಗಲಿಯ ಮೇಲೆ ಕೂತು ಕೇಳಿದರು: “ಏನ್ಲಾ ಮಗ, ಐದ್ ಸಾವ್ರ ಕ್ಯೂಸೆಕ್ ಅಂತಾವ್ರಲ್ಲ, ಹದಿನೈದ್ ದಿನಕ್ಕೆ ನಮ್ ಕಟ್ಟೇಲಿ ಎಷ್ಟ್ ನೀರು ಕಮ್ಮಿಯಾಯ್ತದೆ? ಯೋಳು ನೋಡವ.”

ದೊಡ್ಡಪ್ಪನ ಪ್ರಶ್ನೆ ರಾಜಕೀಯದ್ದಲ್ಲ, ಘಾತಾಂಕದ್ದು. ಕಟ್ಟೆಯ ನೀರನ್ನು ಟಿ.ಎಂ.ಸಿ.ಯಲ್ಲಿ ಹೇಳುತ್ತಾರೆ, ಬಿಡುವ ನೀರನ್ನು ಕ್ಯೂಸೆಕ್ಸ್‌ನಲ್ಲಿ ಹೇಳುತ್ತಾರೆ. ಟಿ.ಎಂ.ಸಿ. ಎಂದರೆ ಥೌಸಂಡ್ ಮಿಲಿಯನ್ ಕ್ಯೂಬಿಕ್ ಫೀಟ್. ಸಾವಿರವು ಹತ್ತರ 3 ಹೆಜ್ಜೆ, ಮಿಲಿಯನ್ನು 6 ಹೆಜ್ಜೆ; ಕೂಡಿದರೆ 9. ಹತ್ತರ 9ನೇ ಘಾತ, ನಮ್ಮ ಮಾತಿನಲ್ಲಿ ನೂರು ಕೋಟಿ ಘನ ಅಡಿ. ಘಾತಾಂಕದ ಮೊದಲ ನಿಯಮವು ಆ ಮೂರಕ್ಷರದ ಹೆಸರಿನಲ್ಲಿಯೇ ಅಡಗಿದೆ! ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. 5ನ್ನು 8.64ರಿಂದ ಗುಣಿಸಿದರೆ 43.2, ಹತ್ತರ ಹೆಜ್ಜೆಗಳು ಮೂರೂ ನಾಲ್ಕೂ ಕೂಡಿ ಏಳು, ಎಂದರೆ ದಿನಕ್ಕೆ 43.2 ಕೋಟಿ ಘನ ಅಡಿ, 0.432 ಟಿ.ಎಂ.ಸಿ. ಹದಿನೈದು ದಿನಕ್ಕೆ 6.48 ಟಿ.ಎಂ.ಸಿ. 124.80 ಅಡಿ ತುಂಬಿದಾಗ ಕನ್ನಂಬಾಡಿ ಕಟ್ಟೆಯಲ್ಲಿ ನಿಲ್ಲುವುದು 49.452 ಟಿ.ಎಂ.ಸಿ. ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರಿನಲ್ಲಿ ಕಬಿನಿಯ ಪಾಲೂ ಸೇರಿರುತ್ತದೆ; ಅದನ್ನು ಬಿಟ್ಟು ಎಲ್ಲವನ್ನೂ ಕಟ್ಟೆಯೊಂದೇ ಕೊಟ್ಟಿತೆಂದು ಇಟ್ಟುಕೊಂಡರೆ, ತುಂಬಿದ ಕಟ್ಟೆಯ ಎಂಟರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಆ ವರ್ಷ ಕಟ್ಟೆ ತುಂಬಿರಲಿಲ್ಲವೆಂಬುದು ಬೇರೆ ಮಾತು, ಮತ್ತು ದೊಡ್ಡ ಮಾತು. ದೊಡ್ಡಪ್ಪ ಉತ್ತರ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಾದ್ರೆ ಒಂದ್ ಟಿ.ಎಂ.ಸಿ. ಒಂದೇ ದಿನದಾಗೆ ಹೋಗ್ಬೇಕಾದ್ರೆ?” ಎಂದರು. ಕೇಳುವುದು ಅವರಿಗೆ ಚೆನ್ನಾಗಿ ಬರುತ್ತದೆ. ಸುಮಾರು 11,574 ಕ್ಯೂಸೆಕ್ಸ್. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವರ್ಷಕ್ಕೆ 177.25 ಟಿ.ಎಂ.ಸಿ. ಎಂದು ನಿಗದಿ ಮಾಡಿದ ಮೇಲೆ, ನಮ್ಮ ಬದುಕಿನ ಜಗಳವೆಲ್ಲ ಹತ್ತರ 9ನೇ ಘಾತದಲ್ಲಿ ನಡೆಯುತ್ತಿದೆ. ಆ ಸಂಖ್ಯೆಯನ್ನು ಕೂಗಿ ಹೇಳುವವರು ಸಾವಿರ ಮಂದಿ. ಅದನ್ನು ಅಳೆದು ನೋಡುವವರು ಎಷ್ಟು?

ಎರಡನೆಯದು ಸಾಲ. ನಾಗಮಂಗಲದ ಒಣಭೂಮಿಯಾಗಲಿ, ಪಾಂಡವಪುರದ ನಾಲೆಯ ಬಯಲಾಗಲಿ, ಸಾಲವಿಲ್ಲದ ಮನೆ ಅಪೂರ್ವ. “ನೂರಕ್ಕೆ ಮೂರು ರೂಪಾಯಿ” ಎಂದರೆ ನಮ್ಮ ಕಡೆ ತಿಂಗಳ ಬಡ್ಡಿ. ವರ್ಷಕ್ಕೆ ಮೂವತ್ತಾರು ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಅದು ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿದರೆ. ಕಟ್ಟಲಾರದೆ ಬಡ್ಡಿ ಅಸಲಿಗೆ ಸೇರುತ್ತ ಹೋದರೆ ಅದು ಕೂಡುವ ಲೆಕ್ಕವಲ್ಲ, ಘಾತದ ಲೆಕ್ಕ. ಪ್ರತಿ ತಿಂಗಳೂ 1.03ರಿಂದ ಗುಣಿಸಬೇಕು. ವರ್ಷಕ್ಕೆ 36 ಅಲ್ಲ, 42ನ್ನು ದಾಟುತ್ತದೆ. ಸಾಲಗಾರನಿಗೆ ಬೇಕಾದ ಪ್ರಶ್ನೆ ಬೇರೆ: ಎಷ್ಟು ತಿಂಗಳಿಗೆ ಸಾಲ ಎರಡರಷ್ಟಾಗುತ್ತದೆ? ಇದು “ಎಷ್ಟು ಹೆಜ್ಜೆ” ಎಂಬ ಪ್ರಶ್ನೆ, ಆದ್ದರಿಂದ ಲಾಗ್‌ನ ಪ್ರಶ್ನೆ. 2ರ ಲಾಗ್ 0.3010, 1.03ರ ಲಾಗ್ 0.01284, ಭಾಗಿಸಿದರೆ ಇಪ್ಪತ್ತಮೂರೂವರೆ. ಎರಡು ವರ್ಷ ತುಂಬುವ ಮೊದಲೇ ಬಡ್ಡಿ ಅಸಲನ್ನು ಹಿಡಿಯಿತು. ಐದು ವರ್ಷಕ್ಕೆ? 60ನ್ನು 0.01284ರಿಂದ ಗುಣಿಸಿದರೆ 0.7704, ಅದು ಸುಮಾರು 5.9ರ ಲಾಗ್. ಹತ್ತು ಸಾವಿರದ ಸಾಲ ಐವತ್ತೊಂಬತ್ತು ಸಾವಿರದ ಹತ್ತಿರ ಬಂದಿರುತ್ತದೆ. ಸರಳ ಬಡ್ಡಿಯಾಗಿದ್ದರೆ ಇಪ್ಪತ್ತೆಂಟು ಸಾವಿರ. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿ ಒಂದು ಜೊತೆ ಎತ್ತು ಹೋಗುವುದನ್ನು ನಾನು ನೋಡಿದ್ದೇನೆ. ಸಾಲ ಕೊಟ್ಟವರ ಹೆಸರು ಇಲ್ಲಿ ಬೇಡ. ಅವರು ಹೇಳಿದ ಲೆಕ್ಕದಲ್ಲಿ ಸುಳ್ಳಿರಲಿಲ್ಲ, ಕೇಳಿದವರಿಗೆ ಅದರ ಹೆಜ್ಜೆ ತಿಳಿದಿರಲಿಲ್ಲ. ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ನಮ್ಮ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಒಳ್ಳೆಯದಾಯಿತು. ಆದರೆ ಕಾನೂನು ಬಾಗಿಲಿಗೆ ಬಂದವನನ್ನು ತಡೆಯಬಲ್ಲುದೇ ಹೊರತು, ಹೆಬ್ಬೆಟ್ಟು ಒತ್ತುವ ಮುಂಚೆ ಲೆಕ್ಕ ಹಾಕಿಕೊಡಲಾರದು.

ಮಣ್ಣಿನ ಮಾತನ್ನು ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ. 2015ರಿಂದ ರೈತರಿಗೆ ಕೊಡುತ್ತ ಬಂದಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ‘ರಸಸಾರ’ವೆಂಬ ಒಂದು ಸಂಖ್ಯೆ ಇರುತ್ತದೆ. ಒಂದು ಹೊಲದ್ದು 7.5, ನಾಲೆಯ ನೀರು ನಿಂತು ಚೌಳಾದ ಪಕ್ಕದ ಹೊಲದ್ದು 8.5 ಎಂದಿದ್ದರೆ, ಒಂದೇ ಅಂಕ ಹೆಚ್ಚಲ್ಲವೆ ಎಂದು ಚೀಟಿಯನ್ನು ತೊಲೆಯ ಸಂದಿಗೆ ಸಿಕ್ಕಿಸಿಬಿಡುತ್ತಾರೆ. ರಸಸಾರವು ಹತ್ತರ ಆಧಾರದ ಲಾಗ್‌ನ ಅಳತೆ. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಎಂಬ ರಸಾಯನಶಾಸ್ತ್ರಜ್ಞನು ಬಳಕೆಗೆ ತಂದದ್ದು. ಅಲ್ಲಿ ಒಂದಂಕವೆಂದರೆ ಹತ್ತರಷ್ಟು, ಎರಡಂಕವೆಂದರೆ ನೂರರಷ್ಟು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮೊದಲನೆಯದು: ಕಿಸೆಯಲ್ಲಿ ಮೊಬೈಲ್ ಇರುವಾಗ ಲಾಗ್ ಕೋಷ್ಟಕವೇಕೆ? ನಿಜ, ಕೋಷ್ಟಕದ ಕಾಲ ಮುಗಿಯಿತು. 1970ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ಗಣಕಯಂತ್ರಗಳು ಬಂದ ಮೇಲೆ ಇಂಜಿನಿಯರುಗಳೇ ಅದನ್ನು ಕೈಬಿಟ್ಟರು. ನಾನು ಕೇಳುತ್ತಿರುವುದು ಕೋಷ್ಟಕವನ್ನಲ್ಲ. 1.03ರ 60ನೇ ಘಾತವನ್ನು ಮೊಬೈಲ್ ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತದೆ. ಆದರೆ ಇಲ್ಲಿ ಗುಣಿಸುತ್ತ ಹೋಗಬೇಕೇ ಹೊರತು ಕೂಡುತ್ತ ಹೋಗಬಾರದೆಂಬುದನ್ನು ಅದರ ಮುಂದೆ ಕುಳಿತವನೇ ತಿಳಿದಿರಬೇಕು. ಎರಡನೆಯದು: ಕಲಾವಿಭಾಗದ ಪಠ್ಯವೇ ಭಾರವಾಗಿದೆ, ಇನ್ನೊಂದನ್ನು ಹೇರುವುದೇ? ಅರ್ಥಶಾಸ್ತ್ರದಲ್ಲಿ ಬೆಳವಣಿಗೆಯ ದರವನ್ನು ಓದುತ್ತೇವೆ. ಶೇಕಡಾ 7ರಂತೆ ಬೆಳೆಯುವ ಆದಾಯ ಸುಮಾರು ಹತ್ತು ವರ್ಷಕ್ಕೆ ಎರಡರಷ್ಟಾಗುತ್ತದೆಂದು ಟಿಪ್ಪಣಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತೇವೆ. ಅದು ಮೇಲಿನ ಸಾಲದ ಲೆಕ್ಕವೇ ಎಂದು ಒಂದು ಮಾತು ಹೇಳಿದ್ದರೆ ಭಾರ ಇಳಿಯುತ್ತಿತ್ತಲ್ಲದೆ ಏರುತ್ತಿರಲಿಲ್ಲ. ಗುರುಗಳು ಕ್ಷಮಿಸಬೇಕು, ಇದು ದೂರಲ್ಲ, ಬಿನ್ನಹ.

ಮೂರನೆಯ ಆಕ್ಷೇಪಣೆಯನ್ನು ಗೆಳತಿಯೊಬ್ಬಳು ಎತ್ತಿದಳು, ಮತ್ತು ಅದು ಉಳಿದವಕ್ಕಿಂತ ಗಟ್ಟಿಯಾದದ್ದು. “ಕಾರಣ ಹೇಳಿ ಕಲಿಸುವುದಕ್ಕೆ ಹೊತ್ತು ಬೇಕು, ಏಳನೆಯ ತರಗತಿಯ ಮೇಷ್ಟರಿಗೆ ಆ ಹೊತ್ತು ಎಲ್ಲಿದೆ?” ಎಂದಳು. ಎರಡು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವ ಮೇಷ್ಟರನ್ನು ನಾವಿಬ್ಬರೂ ಕಂಡವರೇ. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಆದರೆ ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ನಾಳೆ ಬಿ.ಎಡ್. ಮುಗಿಸಿಕೊಂಡು ಅದೇ ಊರುಗಳಿಗೆ ಮೇಷ್ಟರಾಗಿ ಹೋಗುವವರು. ಸಮಾಜ ಪಾಠದ ಮೇಷ್ಟರನ್ನೇ ಲೆಕ್ಕದ ಪಾಠಕ್ಕೂ ನಿಲ್ಲಿಸುವುದು ಹಳ್ಳಿಯ ಶಾಲೆಗಳಲ್ಲಿ ಹೊಸದೇನಲ್ಲ. ಆಗ ಕೈಯಲ್ಲಿ ಮಂತ್ರವೊಂದೇ ಇದ್ದರೆ ಮಂತ್ರವನ್ನೇ ಕೊಡುತ್ತೇವೆ. ಪಾವು ಸೇರು ಇದ್ದರೆ ಅದನ್ನು ಕೊಡುತ್ತೇವೆ. ಅದಕ್ಕೆ ಹಿಡಿಯುವುದು ಹತ್ತು ನಿಮಿಷ. ನಾನು ಎಣಿಸಿಯೇ ಹೇಳುತ್ತಿದ್ದೇನೆ, ತಂಗಿಗೆ ಹೇಳಿಕೊಟ್ಟು ನೋಡಿದ್ದೇನೆ. ಎಂಟನೆಯ ತರಗತಿಯವಳು, ಸೊನ್ನೆಯ ಘಾತದ ಹತ್ತಿರ ಬಂದಾಗ “ಅಂದ್ರೆ ಅಳೀದೇ ಇಟ್ಟಿದ್ದು” ಎಂದಳು.

ಆದುದರಿಂದ ನನ್ನ ಸೂಚನೆ ಚಿಕ್ಕದು. ಹೊಸ ಪಠ್ಯವೂ ಬೇಡ, ಪರೀಕ್ಷೆಯೂ ಬೇಡ. ಮಧ್ಯಾಹ್ನದ ಕಡೆಯ ಪಾಠ ಮುಗಿದು ಬಸ್ಸು ಬರುವ ತನಕ ನಾವು ಮರದಡಿ ನಿಂತು ಕಳೆಯುವ ಹೊತ್ತಿದೆಯಲ್ಲ, ಅದರಲ್ಲಿ ವಾರಕ್ಕೆರಡು ದಿನ ಮುಕ್ಕಾಲು ಗಂಟೆ ಸಾಕು. ವಿಜ್ಞಾನ ಬಿಟ್ಟು ಬಂದ ಆ ಗೆಳೆಯನೇ ಕಪ್ಪುಹಲಗೆಯ ಮುಂದೆ ನಿಲ್ಲಲು ಒಪ್ಪಿದ್ದಾನೆ. ಅರ್ಥಶಾಸ್ತ್ರದ ಗುರುಗಳು ಮೊದಲ ದಿನ ಬಂದು ಕುಳಿತುಕೊಳ್ಳುವುದಾಗಿ ಹೇಳಿದ್ದಾರೆ. ಬರುವವರು ಮನೆಯಿಂದ ಒಂದು ಸಾಲದ ಚೀಟಿಯನ್ನೋ, ಮಣ್ಣಿನ ಚೀಟಿಯನ್ನೋ, ಅಂದಿನ ಪತ್ರಿಕೆಯಲ್ಲಿ ಬಂದ ಕಟ್ಟೆಯ ನೀರಿನ ಮಟ್ಟವನ್ನೋ ತರಬೇಕು. ಪಾಂಡವಪುರ, ಶ್ರೀರಂಗಪಟ್ಟಣದ ಬಸ್ಸುಗಳಿಗೇನೂ ಅಡ್ಡಿಯಿಲ್ಲ, ಕೆ.ಆರ್. ಪೇಟೆ, ನಾಗಮಂಗಲಗಳ ಕಡೆಯ ಬಸ್ಸು ಮಾತ್ರ ಬೇಗ ಹೊರಡುತ್ತದೆ. ಆ ಗೆಳೆಯರಿಗಾಗಿ ಹೊತ್ತನ್ನು ಕಾಲು ಗಂಟೆ ಮುಂಚಿತ ಮಾಡಿಕೊಡಬಹುದೇ ಎಂದು ಪ್ರಾಂಶುಪಾಲರನ್ನು ಕೇಳಿಕೊಳ್ಳಬೇಕಾಗಿದೆ.